ಯಾರಿಗೆ ಯಾವ ಆಫರ್ ಕಾಣಬೇಕು: ನಮ್ಮ ಚಂದಾ ಪುಟದ ರಿಪೇರಿ

ನಮ್ಮದು ಕನ್ನಡ ಕಥೆಗಳನ್ನು ಕೇಳಿಸುವ ಚಿಕ್ಕ ಆ್ಯಪ್. ಚಂದಾ ತಿಂಗಳಿಗೆ ₹99, ವರ್ಷಕ್ಕೆ ₹799. ಆ್ಯಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಪ್ಲೇ ಮೂಲಕ ಕಟ್ಟಬಹುದು, ವೆಬ್‌ಸೈಟ್‌ನಲ್ಲಿ ಯುಪಿಐ ಆಟೋಪೇ ಹಾಕಬಹುದು. ಇದರ ಮೇಲೆ ನಾಲ್ಕು ಆಫರ್ ಇವೆ. ಹೊಸಬರಿಗೆ ಮೊದಲ ತಿಂಗಳು ಉಚಿತ. ಬಿಟ್ಟುಹೋದವರು ವಾಪಸ್ ಬಂದರೆ ಮೂರು ತಿಂಗಳು, ತಿಂಗಳಿಗೆ ₹49ರ ಲೆಕ್ಕ. ವಿದ್ಯಾರ್ಥಿಗಳಿಗೆ ಮೊದಲ ವರ್ಷ ₹399. ತಿಂಗಳ ಚಂದಾ ಕಟ್ಟುತ್ತಿರುವವರು ವರ್ಷದ್ದಕ್ಕೆ ಬದಲಾದರೆ ಮೊದಲ ವರ್ಷ ₹699.

ಇವುಗಳಲ್ಲಿ ಯಾವುದು ಯಾರಿಗೆ ಕಾಣುತ್ತದೆ ಅನ್ನುವುದರ ಮೇಲೆ ಯಾರಿಗೂ ಹಿಡಿತ ಇರಲಿಲ್ಲ. ಬ್ಯಾನರ್ ಒಂದು ಕಡೆಯಿಂದ ಬರುತ್ತಿತ್ತು, ಬೆಲೆ ಇನ್ನೊಂದು ಕಡೆಯಿಂದ. ನಮ್ಮ ಆಫೀಸಿನಲ್ಲಿ ಸದಸ್ಯರ ಫೋನ್ ತೆಗೆಯುವ ಅಕ್ಕನಿಗೆ ಶಿರಸಿ ಕಡೆಯ ಒಬ್ಬ ನಿವೃತ್ತ ಟೀಚರ್ ಫೋನ್ ಮಾಡಿದ್ದರು. ಅವರು ಹಳೇ ಸದಸ್ಯರು, ನಡುವೆ ಕೆಲವು ತಿಂಗಳು ನಿಲ್ಲಿಸಿದ್ದವರು. "ನೋಡಮ್ಮಾ, ಮೊದಲ ತಿಂಗಳು ಉಚಿತ ಅಂತ ದೊಡ್ಡದಾಗಿ ಬರೆದಿದೀರಿ, ಒತ್ತಿದ್ರೆ ₹49 ಹೋಯ್ತು. ದುಡ್ಡು ದೊಡ್ಡದಲ್ಲ. ಆದ್ರೆ ಬರೆದಿದ್ದು ಒಂದು, ಆಗಿದ್ದು ಒಂದು ಅಲ್ವಾ?"

ಅವರು ಹೇಳಿದ್ದು ಪೂರ್ತಿ ಸರಿ. ಅವರಿಗೆ ಸಿಕ್ಕ ₹49ರ ಬೆಲೆ ಅವರಿಗೆ ಸಿಗಬೇಕಾದದ್ದೇ. ಆದರೆ ಅವರು ಓದಿದ್ದು ಬೇರೆಯವರಿಗೆ ಬರೆದ ಮಾತು. ಚಂದಾ ಕೊಟ್ಟು ವರ್ಷಗಟ್ಟಲೆ ಜೊತೆಗಿದ್ದವರಿಗೆ, ಸಿಗದ ಆಫರ್ ತೋರಿಸುವುದು ತುಂಬಾ ಕೆಟ್ಟದ್ದು ಅಂತ ನನಗೆ ಅನಿಸುತ್ತದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಪರದೆಯ ತಂತ್ರಗಳ ಬಗ್ಗೆ ಮಾರ್ಗಸೂಚಿ ತಂದಿತು. ಅದರಲ್ಲಿರುವ 13 ಬಗೆಗಳಲ್ಲಿ, ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದೂ ಒಂದು. ಬೇಕಂತ ಮಾಡಿದ್ದಲ್ಲ ಅನ್ನುವುದು ಸದಸ್ಯರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಬೇರೆಲ್ಲ ಪಕ್ಕಕ್ಕಿಟ್ಟು ಈ ಪುಟವನ್ನು ಬಿಚ್ಚಿ ಮತ್ತೆ ಕಟ್ಟಿದೆ. ಇದೇ ಕೆಲಸ ಮಾಡುವವರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಒಳಗೆ ಏನಿತ್ತು

ಮೊದಲು ಪ್ಲೇ ಕಡೆಯ ಲೆಕ್ಕ ಹೇಳಿಬಿಡುತ್ತೇನೆ. 2022ರಲ್ಲಿ ಬಿಲ್ಲಿಂಗ್ ಲೈಬ್ರರಿ 5 (ಆ್ಯಪ್ ಒಳಗೆ ಪ್ಲೇ ಖರೀದಿ ನಡೆಸುವ ಗೂಗಲ್‌ನ ಕೋಡ್) ಬಂದ ಮೇಲೆ ಪ್ಲೇಯಲ್ಲಿ ಚಂದಾಗೆ ಮೂರು ಮಟ್ಟ. ಮೇಲೆ ಚಂದಾ, ಅದರ ಕೆಳಗೆ ಬೇಸ್ ಪ್ಲಾನ್, ಅಂದರೆ ನಮ್ಮ ತಿಂಗಳದ್ದು ಮತ್ತು ವರ್ಷದ್ದು. ಬೇಸ್ ಪ್ಲಾನ್ ಕೆಳಗೆ ಆಫರ್‌ಗಳು. ಪ್ರತಿ ಆಫರ್‌ಗೆ ಅರ್ಹತೆ ಯಾರು ನೋಡಬೇಕು ಅಂತ ಹೇಳಬೇಕು, ಅದಕ್ಕೆ ಮೂರು ಆಯ್ಕೆ. ಹೊಸ ಗ್ರಾಹಕರು ಅಂತ ಇಟ್ಟರೆ, ಈ ಚಂದಾ ಅಥವಾ ಈ ಆ್ಯಪ್‌ನ ಯಾವುದೇ ಚಂದಾ ಹಿಂದೆ ತೆಗೆದುಕೊಂಡಿದ್ದಾರಾ ಅಂತ ಪ್ಲೇ ತಾನೇ ನೋಡುತ್ತದೆ. ಬದಲಾವಣೆ ಅಂತ ಇಟ್ಟರೆ, ಈಗ ನಾವು ಹೇಳಿದ ಚಂದಾ ಅವರ ಹತ್ತಿರ ಇದೆಯಾ ಅಂತ ನೋಡುತ್ತದೆ. ಮೂರನೆಯದು, ಡೆವಲಪರ್ ತೀರ್ಮಾನ. ಇದರಲ್ಲಿ ಪ್ಲೇ ಏನೂ ನೋಡುವುದಿಲ್ಲ. ಕೇಳಿದವರಿಗೆಲ್ಲ ಆ ಆಫರ್ ಕಳಿಸುತ್ತದೆ, ಯಾರಿಗೆ ತೋರಿಸಬೇಕು ಅನ್ನುವುದು ಪೂರ್ತಿ ಆ್ಯಪ್ ಮಾಡಿದವರ ಹೊಣೆ.

ನಮ್ಮ ವಿದ್ಯಾರ್ಥಿ ಆಫರ್ ಮತ್ತು ವಾಪಸ್ ಬರುವವರ ಆಫರ್ ಎರಡೂ ಈ ಮೂರನೇ ಬಗೆಯವು. ಹಳೆಯ ಕೋಡ್ ಏನು ಮಾಡುತ್ತಿತ್ತು ಅಂದರೆ, ಪ್ಲೇ ಕಳಿಸಿದ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಆಫರ್ ಹುಡುಕಿ ಅದರ ಟೋಕನ್ (ಆ ಆಫರ್ ಕೊಳ್ಳಲು ಪ್ಲೇಗೆ ತೋರಿಸುವ ಗುರುತು) ಎತ್ತಿಕೊಂಡು ಖರೀದಿಗೆ ಕಳಿಸುತ್ತಿತ್ತು. ಈ ರೀತಿ ತುಂಬಾ ಆ್ಯಪ್‌ಗಳಲ್ಲಿ ಇದೆ. ಒಂದೇ ಆಫರ್ ಇದ್ದಾಗ ಏನೂ ತೊಂದರೆ ಆಗುವುದಿಲ್ಲ. ಎರಡನೆಯದು ಸೇರಿದ ದಿನ ಕೆಡುತ್ತದೆ. ವರ್ಷದ ಚಂದಾ ಒತ್ತಿದ ಯಾರಿಗೇ ಆಗಲಿ ವಿದ್ಯಾರ್ಥಿ ಬೆಲೆ ಹೋಗುತ್ತಿತ್ತು, ಯಾಕೆಂದರೆ ಆ ಪಟ್ಟಿಯಲ್ಲಿ ಅದೇ ಅಗ್ಗ. ತಿಂಗಳದ್ದರಲ್ಲಿ, ಪ್ಲೇ ಉಚಿತ ತಿಂಗಳು ಕೊಡದ ಹಳಬರಿಗೆಲ್ಲ ₹49. ಮೇಲಿನ ಬ್ಯಾನರ್ ಮಾತ್ರ ನಮ್ಮ ಸರ್ವರ್‌ನಿಂದ ಎಲ್ಲರಿಗೂ ಒಂದೇ ಸಾಲು: ಮೊದಲ ತಿಂಗಳು ಉಚಿತ.

ಇನ್ನೊಂದು ಕಡೆ, ವೆಬ್‌ಸೈಟ್‌ನಲ್ಲಿ ಎರಡು ವರ್ಷ ಚಂದಾ ಕಟ್ಟಿ ನಿಲ್ಲಿಸಿದವರು ಆ್ಯಪ್ ಹಾಕಿಕೊಂಡರೆ ಪ್ಲೇ ಲೆಕ್ಕದಲ್ಲಿ ಅವರು ಹೊಚ್ಚ ಹೊಸಬರು. ಪ್ಲೇಗೆ ಗೊತ್ತಿರುವುದು ತನ್ನ ಮೂಲಕ ಆದ ಖರೀದಿ ಮಾತ್ರ. ಅವರಿಗೆ ಉಚಿತ ತಿಂಗಳು ಆರಾಮಾಗಿ ಸಿಗುತ್ತಿತ್ತು.

ಎರಡೂ ಕಡೆ ಹೌದು ಅಂದರೆ ಮಾತ್ರ

ಹೊಸ ವ್ಯವಸ್ಥೆಯ ತಿರುಳು ಇಷ್ಟೇ. ಒಬ್ಬ ಸದಸ್ಯರಿಗೆ ಒಂದು ಆಫರ್ ಕಾಣಬೇಕಾದರೆ ನಮ್ಮ ಸರ್ವರ್ ಹೌದು ಅನ್ನಬೇಕು, ಪ್ಲೇ ಕೂಡ ಅದನ್ನು ಕಳಿಸಿರಬೇಕು. ಒಂದು ಕಡೆ ಇಲ್ಲ ಅಂದರೂ ಮಾಮೂಲಿ ಬೆಲೆ. ಸರ್ವರ್ ಸಿಗಲಿಲ್ಲ, ನೆಟ್ ಹೋಯಿತು, ಉತ್ತರ ತಡವಾಯಿತು ಅಂದರೂ ಮಾಮೂಲಿ ಬೆಲೆಯೇ. ಊಹೆಯ ಮೇಲೆ ಆಫರ್ ತೋರಿಸುವುದು ಬೇಡ ಅಂತ ಮೊದಲೇ ಗಟ್ಟಿ ಮಾಡಿಕೊಂಡೆ.

ಇದಕ್ಕೆ ಪ್ಲೇಯ ಆಫರ್ ಟ್ಯಾಗ್ ಬಳಸಿದೆ. ಪ್ರತಿ ಆಫರ್‌ಗೂ ಒಂದು ಟ್ಯಾಗ್ ಅಂಟಿಸಬಹುದು, ಆ್ಯಪ್ ಪಟ್ಟಿ ಕೇಳಿದಾಗ ಟ್ಯಾಗ್ ಜೊತೆಗೇ ಬರುತ್ತದೆ. ನಮ್ಮ ಸರ್ವರ್ ಆ್ಯಪ್‌ಗೆ ಒಂದೇ ಟ್ಯಾಗ್ ಹೇಳುತ್ತದೆ. ಆ್ಯಪ್ ಪ್ಲೇ ಕೊಟ್ಟ ಪಟ್ಟಿಯಲ್ಲಿ ಆ ಟ್ಯಾಗ್ ಇರುವ ಆಫರ್ ಹುಡುಕುತ್ತದೆ. ಸಿಕ್ಕರೆ ಅದರ ಟೋಕನ್, ಇಲ್ಲದಿದ್ದರೆ ಬೇಸ್ ಪ್ಲಾನ್‌ನ ಟೋಕನ್. ಬೇಸ್ ಪ್ಲಾನ್ ಗುರುತಿಸುವುದು ಸುಲಭ, ಅದರಲ್ಲಿ ಆಫರ್ ಐಡಿ ಖಾಲಿ ಇರುತ್ತದೆ. ಅಗ್ಗದ್ದು ಹುಡುಕುವ ಆ ಹಳೆಯ ಫಂಕ್ಷನ್ (ಕೋಡಿನ ತುಣುಕು) ಪೂರ್ತಿ ಕಿತ್ತು ಹಾಕಿದೆ.

ಬ್ಯಾನರ್‌ನ ಮಾತು ಈಗ ಸರ್ವರ್‌ನಿಂದ ಬರುವುದೇ ಇಲ್ಲ. ಆಯ್ಕೆಯಾದ ಆಫರ್‌ನ ಒಳಗೆ ಬೆಲೆಯ ಹಂತಗಳಿರುತ್ತವೆ, ಅವುಗಳಿಂದಲೇ ವಾಕ್ಯ ಕಟ್ಟುತ್ತೇನೆ. ಪ್ರತಿ ಹಂತದಲ್ಲೂ ಬೆಲೆ, ಅವಧಿ, ಎಷ್ಟು ಸಲ ಅನ್ನುವುದು ಇರುತ್ತದೆ. ಬೆಲೆಯನ್ನು ಪ್ಲೇ ಹತ್ತು ಲಕ್ಷದಿಂದ ಗುಣಿಸಿದ ಅಂಕಿಯಾಗಿ ಕೊಡುತ್ತದೆ, ₹49 ಅಂದರೆ 49000000. ಜೊತೆಗೆ ಓದುವ ರೂಪದಲ್ಲೂ ಬೆಲೆ ಕೊಡುತ್ತದೆ. ತೋರಿಸುವುದಕ್ಕೆ ಎರಡನೆಯದೇ ಒಳ್ಳೆಯದು, ಯಾಕೆಂದರೆ ಅಮೆರಿಕದಲ್ಲೋ ದುಬೈಯಲ್ಲೋ ಇರುವ ನಮ್ಮ ಕೇಳುಗರಿಗೆ ಅವರ ಪ್ಲೇ ಖಾತೆಯ ದೇಶದ ಹಣದಲ್ಲೇ ಬೆಲೆ ಬರುತ್ತದೆ. ಅವಧಿ ಪಿ1ಎಂ, ಪಿ1ವೈ ಅನ್ನುವ ಗುರುತಿನಲ್ಲಿ ಬರುತ್ತದೆ, ಅಂದರೆ ಒಂದು ತಿಂಗಳು, ಒಂದು ವರ್ಷ. ಇವನ್ನೆಲ್ಲ ಜೋಡಿಸಿದರೆ ಪರದೆ ಮೇಲೆ ಹೀಗೆ ಬರುತ್ತದೆ: "ಮೊದಲ 3 ತಿಂಗಳು ತಿಂಗಳಿಗೆ ₹49. ಆಮೇಲೆ ತಿಂಗಳಿಗೆ ₹99." ಪ್ಲೇಯ ಖರೀದಿ ಹಾಳೆಯಲ್ಲಿ ಏನಿದೆಯೋ ಅದೇ ಮಾತು ನಮ್ಮ ಪರದೆಯಲ್ಲೂ ಇರುತ್ತದೆ. "ಆಮೇಲೆ" ಅನ್ನುವ ಎರಡನೇ ಸಾಲನ್ನು ಮೊದಲ ಸಾಲಿನಷ್ಟೇ ದೊಡ್ಡ ಅಕ್ಷರದಲ್ಲಿ ಇಟ್ಟಿದ್ದೇನೆ. ಡಿಸೈನ್ ನೋಡುವವರಿಗೆ ಇಷ್ಟ ಆಗಲಿಲ್ಲ, ಆದರೂ ಬಿಡಲಿಲ್ಲ.

ಸದಸ್ಯರ ಸ್ಥಿತಿ ಬರೆದುಕೊಳ್ಳುವುದು

ಜಾಸ್ತಿ ಹೊತ್ತು ಹೋಗಿದ್ದು ಇಲ್ಲಿ. ಕೋಡ್ ಬರೆಯುವ ಮೊದಲು ಒಬ್ಬ ಸದಸ್ಯರು ಎಷ್ಟು ರೀತಿಯ ಸ್ಥಿತಿಯಲ್ಲಿ ಇರಬಹುದು ಅಂತ ಒಂದು ಹಾಳೆಯಲ್ಲಿ ಬರೆದೆ. ಹಳೆಯ ಡೇಟಾಬೇಸ್‌ನಲ್ಲಿ "ಸದಸ್ಯರು ಹೌದು, ಅಲ್ಲ" ಅನ್ನುವ ಒಂದೇ ಕಾಲಂ ಇತ್ತು. ಅದರಿಂದ ಏನನ್ನೂ ತೀರ್ಮಾನ ಮಾಡುವ ಹಾಗಿಲ್ಲ.

ರದ್ದು ಮಾಡಿದವರು ಮತ್ತು ಮುಗಿದವರು ಬೇರೆ ಬೇರೆ. 5ನೇ ತಾರೀಕು ದುಡ್ಡು ಕಟ್ಟಿ 8ಕ್ಕೆ ರದ್ದು ಒತ್ತಿದವರಿಗೆ ಮುಂದಿನ ತಿಂಗಳ 5ರ ತನಕ ಕಥೆ ಕೇಳುವ ಹಕ್ಕಿದೆ. ಅವರು ಮುಂದಿನ ಕಂತು ಬೇಡ ಅಂದಿದ್ದಾರೆ, ಅಷ್ಟೇ. ಇಂಥವರಿಗೆ 8ನೇ ತಾರೀಕೇ ವಾಪಸ್ ಬನ್ನಿ ಆಫರ್ ತೋರಿಸಿದರೆ, ರದ್ದು ಮಾಡಿದರೆ ಅಗ್ಗ ಆಗುತ್ತದೆ ಅಂತ ನಾವೇ ಕಲಿಸಿದ ಹಾಗೆ. ಸುಮ್ನೆ ತಿಂಗಳು ತಿಂಗಳು ಕಟ್ಟುತ್ತಾ ಬಂದವರಿಗೆ ಇದರಿಂದ ಅನ್ಯಾಯ. ಅದಕ್ಕೆ ಈ ಆಫರ್‌ಗೆ ಚಂದಾ ಮುಗಿದು 60 ದಿನ ಆಗಿರಬೇಕು ಅಂತ ನಿಯಮ.

ಇನ್ನು ಕಂತು ತಪ್ಪಿದವರು. ಖಾತೆಯಲ್ಲಿ ದುಡ್ಡಿಲ್ಲದೆಯೋ ಕಾರ್ಡ್ ಅವಧಿ ಮುಗಿದೋ ಕಂತು ಹೋಗದಿದ್ದರೆ ಪ್ಲೇ ಮೊದಲು ಗ್ರೇಸ್ ಅವಧಿ, ಅಂದರೆ ಸರಿ ಮಾಡಿಕೊಳ್ಳಲು ಸ್ವಲ್ಪ ದಿನ ಕೊಡುತ್ತದೆ, ಆಮೇಲೆ ಖಾತೆಯನ್ನು ತಡೆಹಿಡಿಯುತ್ತದೆ. ಗ್ರೇಸ್‌ನಲ್ಲಿ ಇರುವವರಿಗೆ ಕಥೆ ಕೇಳಲು ಬಿಡಬೇಕು, ತಡೆಯಲ್ಲಿ ಇದ್ದರೆ ಬಿಡಬಾರದು. ಆದರೆ ಇಬ್ಬರೂ ಬಿಟ್ಟುಹೋದವರಲ್ಲ. ಹಳೆಯ ಕೋಡ್ ತಡೆಯಲ್ಲಿದ್ದವರನ್ನು "ಸದಸ್ಯರಲ್ಲ" ಅಂತ ತಿಳಿದು ಹೊಸ ಚಂದಾ ಕೊಳ್ಳಿ ಅಂತ ತೋರಿಸುತ್ತಿತ್ತು. ಈಗ ಅವರಿಗೆ ಯಾವ ಆಫರ್ ಕೂಡ ಕಾಣುವುದಿಲ್ಲ. "ನಿಮ್ಮ ಕಂತು ಹೋಗಿಲ್ಲ, ಇಲ್ಲಿ ಸರಿ ಮಾಡಿಕೊಳ್ಳಿ" ಅನ್ನುವ ಒಂದು ಸಾಲು, ಒತ್ತಿದರೆ ಪ್ಲೇಯ ಪೇಮೆಂಟ್ ಪುಟ.

ಈಗ ಪ್ರತಿ ಅವಧಿಗೂ ಒಂದು ಸಾಲು ಇರುವ ಇತಿಹಾಸದ ಟೇಬಲ್ ಇದೆ. ಎಲ್ಲಿಂದ ಬಂತು, ಯಾವಾಗ ಶುರು, ಯಾವಾಗ ಮುಗಿಯಿತು, ಎಷ್ಟು ಕಟ್ಟಿದರು, ಈಗಿನ ಸ್ಥಿತಿ. ಪ್ಲೇಯಿಂದ ಬರುವ ಸೂಚನೆಗಳು ಪಬ್‌ಸಬ್ ಅನ್ನುವ ಗೂಗಲ್‌ನ ಸಂದೇಶ ಸೇವೆಯ ಮೂಲಕ ಬರುತ್ತವೆ, ಒಂದೇ ಸೂಚನೆ ಎರಡು ಸಲ ಬರಬಹುದು, ಹಿಂದಿನದು ಮುಂದೆ ಆಗಬಹುದು. ಹಾಗಾಗಿ ಸೂಚನೆಯಲ್ಲಿ ಇರುವುದನ್ನು ನೇರ ಬರೆಯುವುದಿಲ್ಲ. ಸೂಚನೆ ಬಂದರೆ ಪ್ಲೇಯನ್ನೇ ಮತ್ತೆ ಕೇಳಿ, ಈ ಕ್ಷಣದ ಸ್ಥಿತಿ ಏನಿದೆಯೋ ಅದನ್ನು ಬರೆಯುತ್ತೇನೆ.

ದಿನ ಎಣಿಸುವಾಗ ಒಂದು ಎಚ್ಚರಿಕೆ. ಸರ್ವರ್ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ ಇರುತ್ತದೆ, ನಾವು ಐದೂವರೆ ಗಂಟೆ ಮುಂದೆ. 1ನೇ ತಾರೀಕು ಬೆಳಗಿನ ಜಾವ 4 ಗಂಟೆಗೆ ಆ್ಯಪ್ ತೆರೆದವರಿಗೆ ಸರ್ವರ್‌ನಲ್ಲಿ ಇನ್ನೂ ಹಿಂದಿನ ದಿನ ರಾತ್ರಿ ಹತ್ತೂವರೆ. "ಇವತ್ತಿಂದ ಆಫರ್" ಅಂತ ಅಕ್ಕ ಹೇಳಿದ ದಿನ ಬೆಳಿಗ್ಗೆ ಕಾಣದೆ ಇದ್ದರೆ ಮತ್ತೆ ಫೋನ್ ಬರುತ್ತದೆ. ಕ್ಷಣಗಳನ್ನು ಯುಟಿಸಿಯಲ್ಲೇ ಇಟ್ಟೆ, ದಿನ ಎಣಿಸುವುದನ್ನು ಮಾತ್ರ ಭಾರತದ ಸಮಯಕ್ಕೆ ತಂದು ಮಾಡಿದೆ.

ನಿಯಮ ಕೋಡಿನಲ್ಲಿ, ಅಂಕಿ ಟೇಬಲ್‌ನಲ್ಲಿ

ಇಂಥ ಕೆಲಸಕ್ಕೆ ದೊಡ್ಡ ರೂಲ್ ಎಂಜಿನ್ ಬೇಕು ಅಂತ ಅನಿಸುತ್ತದೆ, ಪರದೆಯಲ್ಲೇ ಷರತ್ತು ಜೋಡಿಸುವಂಥದ್ದು. ನಾಲ್ಕು ಆಫರ್‌ಗೆ ಅದು ಬೇಡ. ಪ್ರತಿ ಆಫರ್‌ಗೂ ಒಂದು ಚಿಕ್ಕ ಫಂಕ್ಷನ್. ಅದಕ್ಕೆ ಸದಸ್ಯರ ಇತಿಹಾಸ, ಈಗಿನ ಸಮಯ, ಮತ್ತು ಅಂಕಿಗಳನ್ನು ಕೊಡುತ್ತೇವೆ. 60 ದಿನದಂಥ ಅಂಕಿಗಳು ಟೇಬಲ್‌ನಲ್ಲಿವೆ, ಅಕ್ಕನೇ ಬದಲಾಯಿಸಬಹುದು. ತರ್ಕ ಬದಲಾಗಬೇಕು ಅಂದರೆ ನನ್ನ ಹತ್ತಿರ ಬರಬೇಕು.

ಫಂಕ್ಷನ್ ಬರೀ ಹೌದು, ಇಲ್ಲ ಅಂದರೆ ಸಾಲದು ಅನ್ನುವುದು ಅಕ್ಕನ ಒತ್ತಾಯ. "ಕಾರಣ ಹೇಳದೆ ಇಲ್ಲ ಅಂದ್ರೆ ನಾನು ಫೋನಲ್ಲಿ ಅವರಿಗೆ ಏನಂತ ಹೇಳ್ಲಿ ಹೇಳು?" ಅಂದರು. "ಸರಿ ಅಕ್ಕ, ಕಾರಣಾನೂ ಬರೋ ಹಾಗೆ ಮಾಡ್ತೀನಿ" ಅಂದೆ. ಇಡೀ ರಿಪೇರಿಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಭಾಗ ಇದೇ. ಈಗ ಪ್ರತಿ ಫಂಕ್ಷನ್ ಉತ್ತರದ ಜೊತೆ ಕನ್ನಡದಲ್ಲಿ ಒಂದು ಸಾಲು ಕೊಡುತ್ತದೆ. ಅಕ್ಕ ತಮ್ಮ ಪರದೆಯಲ್ಲಿ ಸದಸ್ಯರ ಫೋನ್ ನಂಬರ್ ಹಾಕಿದರೆ ಹೀಗೆ ಬರುತ್ತದೆ:

ಹೊಸಬರ ಉಚಿತ ತಿಂಗಳು: ಇಲ್ಲ. 2023ರ ಜೂನ್‌ನಲ್ಲಿ ವೆಬ್‌ಸೈಟ್ ಮೂಲಕ ಚಂದಾ ಕಟ್ಟಿದ್ದಾರೆ.
ವಾಪಸ್ ಬಂದವರ ಆಫರ್: ಇಲ್ಲ. ಚಂದಾ ಮುಗಿದು 41 ದಿನ ಆಗಿದೆ, 60 ಆಗಬೇಕು.
ವಿದ್ಯಾರ್ಥಿ: ಇಲ್ಲ. ಕಾಲೇಜಿನ ಗುರುತಿನ ಚೀಟಿ ಕಳಿಸಿಲ್ಲ.
ವರ್ಷಕ್ಕೆ ಬದಲಾವಣೆ: ಇಲ್ಲ. ಈಗ ತಿಂಗಳ ಚಂದಾ ಚಾಲ್ತಿಯಲ್ಲಿಲ್ಲ.
ಈಗ ಕಾಣುತ್ತಿರುವುದು: ಮಾಮೂಲಿ ಬೆಲೆ.

ಇದರ ಕೆಳಗೆ ಒಂದು ಬಟನ್ ಇದೆ, "ಈ ಆಫರ್ ಕೊಡು". ಆಸ್ಪತ್ರೆ, ಸಾವು ನೋವು, ಇಂಥ ಕಾರಣಕ್ಕೆ ನಿಲ್ಲಿಸಿದವರು ಇರುತ್ತಾರೆ. 41 ದಿನ ಅಂತ ಅವರಿಗೆ ಲೆಕ್ಕ ಹೇಳುವುದು ಸರಿಯಲ್ಲ. ಅಕ್ಕ ಒಂದು ಸಾಲು ಕಾರಣ ಬರೆದು ಒತ್ತಿದರೆ ಆ ಸದಸ್ಯರಿಗೆ ಆ ಆಫರ್ 7 ದಿನ ತೆರೆದಿರುತ್ತದೆ. ಇದು ವಾಪಸ್ ಬಂದವರ ಆಫರ್ ಮತ್ತು ವಿದ್ಯಾರ್ಥಿ ಆಫರ್‌ಗೆ ಮಾತ್ರ. ಉಳಿದೆರಡರಲ್ಲಿ ಪ್ಲೇ ತಾನೇ ನೋಡುವುದರಿಂದ ನಾವು ಕೊಟ್ಟರೂ ಅಲ್ಲಿ ಬರುವುದಿಲ್ಲ.

ಎರಡು ಆಫರ್‌ಗೆ ಅರ್ಹರಾದರೆ? ಒಂದೇ ತೋರಿಸುತ್ತೇವೆ. ಉದಾಹರಣೆಗೆ ಬಿಟ್ಟುಹೋಗಿದ್ದ ವಿದ್ಯಾರ್ಥಿಗೆ ₹399ರ ವರ್ಷವೂ ಸಿಗುತ್ತದೆ, ₹49ರ ಮೂರು ತಿಂಗಳೂ ಸಿಗುತ್ತದೆ. ವರ್ಷದ ಒಟ್ಟು ಲೆಕ್ಕ ಹಾಕಿದರೆ ಎರಡನೆಯದು ₹147 ಮತ್ತು ಒಂಬತ್ತು ತಿಂಗಳ ₹891, ಒಟ್ಟು ₹1,038. ಹಾಗಾಗಿ ವಿದ್ಯಾರ್ಥಿ ಆಫರ್ ಮೊದಲು. ವರ್ಷದ ಒಟ್ಟು ಖರ್ಚು ಯಾವುದರಲ್ಲಿ ಕಡಿಮೆಯೋ ಅದು ಮೇಲೆ, ಇದೊಂದೇ ಕ್ರಮ. ನಮಗೆ ಯಾವುದರಲ್ಲಿ ಜಾಸ್ತಿ ಬರುತ್ತದೆ ಅಂತ ನೋಡಿ ಸಾಲು ಮಾಡುವುದು ಬೇಡ ಅಂತ ಅಕ್ಕ, ನಾನು ಇಬ್ಬರೂ ಒಪ್ಪಿಕೊಂಡೆವು.

ವಿದ್ಯಾರ್ಥಿಗಳ ಗುರುತು ಹೇಗೆ ನೋಡುವುದು ಅನ್ನುವುದು ಬೇಗ ಮುಗಿಯಿತು. ಕಾಲೇಜಿನ ಇಮೇಲ್ ಕೇಳೋಣ ಅಂದರೆ ನಮ್ಮ ಎಷ್ಟೋ ಸರ್ಕಾರಿ ಕಾಲೇಜಿನ ಮಕ್ಕಳಿಗೆ ಅದು ಇಲ್ಲ. ಗುರುತಿನ ಚೀಟಿಯ ಫೋಟೋ ಕಳಿಸುತ್ತಾರೆ, ಅಕ್ಕ ನೋಡುತ್ತಾರೆ, "ಈ ತಾರೀಕಿನ ತನಕ ವಿದ್ಯಾರ್ಥಿ" ಅಂತ ದಿನಾಂಕ ಮಾತ್ರ ಉಳಿಯುತ್ತದೆ. ಫೋಟೋ ಅಳಿಸಿಬಿಡುತ್ತೇವೆ.

ವೆಬ್‌ಸೈಟ್ ಕಡೆ

ಆ್ಯಪ್ ಸರಿಯಾದ ಮೇಲೆ ವೆಬ್‌ಸೈಟ್ ಸುಲಭ ಅಂತ ಅನಿಸಿತ್ತು. ಅಲ್ಲಿ ಪ್ಲೇ ಇಲ್ಲ, ತೀರ್ಮಾನ ಎಲ್ಲ ನಮ್ಮದೇ. ಆದರೆ ಚಂದಾ ಪುಟ ಸಿಡಿಎನ್‌ನಲ್ಲಿ (ಪುಟಗಳನ್ನು ಬೇಗ ತಲುಪಿಸುವ ನಡುವಿನ ಸರ್ವರ್‌ಗಳಲ್ಲಿ) ಕ್ಯಾಶ್ ಆಗುತ್ತಿತ್ತು, ಅಂದರೆ ಅದರ ಪ್ರತಿ ಅಲ್ಲಿ ಉಳಿಯುತ್ತಿತ್ತು. ಮೊದಲು ತೆರೆದವರು ವಿದ್ಯಾರ್ಥಿ ಆಗಿದ್ದರೆ, ಅವರಿಗಾಗಿ ತಯಾರಾದ ಪುಟ ಮುಂದಿನವರಿಗೂ ಹೋಗುತ್ತಿತ್ತು. ಟೆಸ್ಟ್ ಮಾಡುವಾಗ ಎರಡು ಬ್ರೌಸರ್ ಅಕ್ಕಪಕ್ಕ ಇಟ್ಟು ನೋಡಿದರೆ ಇದು ತಕ್ಷಣ ಕಾಣುತ್ತದೆ. ಈಗ ಪುಟದ ಚೌಕಟ್ಟು ಮತ್ತು ಮಾಮೂಲಿ ಬೆಲೆ ಮಾತ್ರ ಕ್ಯಾಶ್ ಆಗುತ್ತದೆ. ಆಫರ್ ಅನ್ನು ಲಾಗಿನ್ ಆದವರಿಗೆ ಸರ್ವರ್‌ನಿಂದ ಬೇರೆಯಾಗಿ ಕೇಳಿ ತರುತ್ತೇವೆ, ಆ ಉತ್ತರಕ್ಕೆ ನೋ-ಸ್ಟೋರ್ ಹಾಕಿದೆ, ಅಂದರೆ ಅದರ ಪ್ರತಿ ಎಲ್ಲೂ ಇಟ್ಟುಕೊಳ್ಳಬೇಡಿ ಅನ್ನುವ ಸೂಚನೆ. ಆಫರ್ ತಡವಾಗಿ ಬಂದು ಪುಟ ಕೆಳಕ್ಕೆ ಜಾರಿದರೆ ಬೆರಳು ಬೇರೆ ಬಟನ್ ಮೇಲೆ ಬೀಳುತ್ತದೆ. ಅದಕ್ಕೆ ಆ ಜಾಗವನ್ನು ಮೊದಲೇ ಖಾಲಿ ಬಿಟ್ಟಿದ್ದೇನೆ, ಉತ್ತರ ಬರುವ ತನಕ ಕೊಳ್ಳುವ ಬಟನ್ ಒತ್ತಲು ಆಗುವುದಿಲ್ಲ.

ಇದಕ್ಕಿಂತ ಗಹನವಾದದ್ದು ಯುಪಿಐ ಮ್ಯಾಂಡೇಟ್, ಅಂದರೆ ಕಂತು ತಾನೇ ಹೋಗಲು ಸದಸ್ಯರು ಮೊದಲೇ ಕೊಡುವ ಒಪ್ಪಿಗೆ. ಆಟೋಪೇ ಹಾಕುವಾಗ ಗರಿಷ್ಠ ಮೊತ್ತ ಇಷ್ಟು ಅಂತ ಹೇಳಬೇಕು. ಆಫರ್ ₹49 ಅಂತ ಗರಿಷ್ಠ ₹49 ಇಟ್ಟರೆ ನಾಲ್ಕನೇ ತಿಂಗಳು ₹99 ಕೇಳಿದಾಗ ಕಂತು ಹೋಗುವುದಿಲ್ಲ, ಸದಸ್ಯರು ತಮಗೇ ಗೊತ್ತಿಲ್ಲದೆ ಚಂದಾ ಕಳೆದುಕೊಳ್ಳುತ್ತಾರೆ. ಹಾಗಾಗಿ ₹99 ಇಡಲೇಬೇಕು. ಇಟ್ಟರೆ ಅವರ ಯುಪಿಐ ಆ್ಯಪ್‌ನಲ್ಲಿ ₹99 ತನಕ ಅಂತ ಕಾಣುತ್ತದೆ, ಜನ ಹೆದರಿ ಅಲ್ಲೇ ಬಿಟ್ಟುಬಿಡುತ್ತಾರೆ. ಹೆದರುವುದರಲ್ಲಿ ತಪ್ಪೇನಿಲ್ಲ. ಪಿನ್ ಹಾಕುವ ಪರದೆಗೆ ಹೋಗುವ ಮೊದಲೇ ಈಗ ಒಂದು ಸಾಲು ತೋರಿಸುತ್ತೇವೆ: "ನಿಮ್ಮ ಯುಪಿಐ ಆ್ಯಪ್‌ನಲ್ಲಿ ₹99 ತನಕ ಅಂತ ಕಾಣುತ್ತದೆ. ಮೊದಲ ಮೂರು ತಿಂಗಳು ಹೋಗುವುದು ₹49 ಮಾತ್ರ." ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪ್ರತಿ ಕಂತಿಗೂ ಕನಿಷ್ಠ 24 ಗಂಟೆ ಮೊದಲು ಸೂಚನೆ ಹೋಗುತ್ತದೆ. ಆದರೂ ಆಫರ್ ಮುಗಿದು ಪೂರ್ತಿ ಬೆಲೆ ಶುರುವಾಗುವ ಕಂತಿಗೆ ನಾವೇ ಒಂದು ವಾರ ಮೊದಲು ಬೇರೆ ಮೆಸೇಜ್ ಕಳಿಸುತ್ತೇವೆ. ಕೆಲವರು ಅದನ್ನು ನೋಡಿ ರದ್ದು ಮಾಡುತ್ತಾರೆ. ಮಾಡಲಿ, ಗೊತ್ತಿಲ್ಲದೆ ಕಟ್ಟುವುದಕ್ಕಿಂತ ಅದೇ ಒಳ್ಳೆಯದು.

ಒಂದು ಫೋನ್, ಮನೆಮಂದಿಯೆಲ್ಲ

ಪ್ಲೇ ಅರ್ಹತೆ ನೋಡುವುದು ಗೂಗಲ್ ಖಾತೆಯ ಮೇಲೆ. ನಮ್ಮ ಸದಸ್ಯತ್ವ ಇರುವುದು ಫೋನ್ ನಂಬರ್ ಮೇಲೆ. ನಮ್ಮ ಮನೆಗಳಲ್ಲಿ ಇವೆರಡೂ ಒಬ್ಬರದ್ದೇ ಆಗಿರುವುದಿಲ್ಲ. ಮಗ ಕೊಡಿಸಿದ ಫೋನ್, ಒಳಗೆ ಮಗನ ಜಿಮೇಲ್, ಕಥೆ ಕೇಳುವವರು ಅಮ್ಮ. ಮಗ ಹಿಂದೆ ಯಾವಾಗಲೋ ಉಚಿತ ತಿಂಗಳು ಬಳಸಿದ್ದರೆ ಅಮ್ಮನಿಗೆ ಪ್ಲೇ ಆ ಆಫರ್ ಕಳಿಸುವುದಿಲ್ಲ. ನಮ್ಮ ಸರ್ವರ್ ಲೆಕ್ಕದಲ್ಲಿ ಅಮ್ಮ ಹೊಸಬರು, ಅರ್ಹರು.

ಎರಡೂ ಕಡೆ ಹೌದು ಅನ್ನಬೇಕು ಎಂಬ ನಿಯಮದಲ್ಲಿ ಇವರಿಗೆ ಏನೂ ಸಿಗುತ್ತಿರಲಿಲ್ಲ. ಇದು ನನಗೆ ಸರಿ ಅನಿಸಲಿಲ್ಲ. ಹಾಗಾಗಿ ಇದೊಂದಕ್ಕೆ ಬೇರೆ ದಾರಿ ಮಾಡಿದೆ. ಸರ್ವರ್ ಹೌದು, ಪ್ಲೇ ಇಲ್ಲ, ಆಫರ್ ಉಚಿತ ತಿಂಗಳು, ಈ ಮೂರೂ ಸೇರಿದರೆ ಪ್ಲೇಯನ್ನು ಕೇಳದೆ ನಾವೇ ಒಂದು ತಿಂಗಳು ತೆರೆದು ಕೊಡುತ್ತೇವೆ. ದುಡ್ಡಿನ ಮಾತೇ ಇಲ್ಲ, ಆಟೋಪೇ ಇಲ್ಲ, ತಿಂಗಳಾದ ಮೇಲೆ ತಾನೇ ನಿಲ್ಲುತ್ತದೆ. ಇತಿಹಾಸದ ಟೇಬಲ್‌ನಲ್ಲಿ "ನಾವು ಕೊಟ್ಟ ಉಚಿತ ತಿಂಗಳು" ಅಂತ ಒಂದು ಸಾಲು ಬೀಳುತ್ತದೆ, ಮತ್ತೆ ಸಿಗುವುದಿಲ್ಲ. ಒಂದೇ ಫೋನಿನಲ್ಲಿ ನಂಬರ್ ಬದಲಾಯಿಸುತ್ತಾ ಹೋದರೆ ಅಂತ ಒಬ್ಬರು ಕೇಳಿದರು. ಒಂದು ಫೋನಿಗೆ ಮೂರು ನಂಬರ್ ತನಕ ಅಂತ ಮಿತಿ ಇಟ್ಟಿದ್ದೇನೆ. ಒಂದು ಮನೆಗೆ ಅಷ್ಟು ಸಾಕು.

ತೋರಿಸಿದ್ದು, ಕೊಂಡದ್ದು ಒಂದೇನಾ

ಆಫರ್ ಮರೆಮಾಡಿದರೆ ಸಾಲದು. ಡೆವಲಪರ್ ತೀರ್ಮಾನದ ಆಫರ್‌ಗಳ ಟೋಕನ್ ಹೇಗೂ ಎಲ್ಲರ ಫೋನಿಗೂ ಬಂದಿರುತ್ತದೆ. ಆ್ಯಪ್ ಬಿಚ್ಚಿ ತಿದ್ದುವ ಕೈಚಳಕ ಇದ್ದವರು ಅದನ್ನು ಬಳಸಬಹುದು. ಅದಕ್ಕೆ ಸರ್ವರ್ ಆಫರ್ ಹೇಳುವಾಗಲೇ ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ: ಯಾವ ಸದಸ್ಯರು, ಯಾವ ಆಫರ್, ಯಾವ ಕಾರಣ, ಯಾವಾಗಿನ ತನಕ. ಖರೀದಿ ಆದ ಮೇಲೆ ಪ್ಲೇಯನ್ನು ಕೇಳಿದರೆ ಯಾವ ಬೇಸ್ ಪ್ಲಾನ್, ಯಾವ ಆಫರ್ ಅಂತ ಹೇಳುತ್ತದೆ. ಎರಡನ್ನೂ ಹೋಲಿಸುತ್ತೇವೆ.

ಖರೀದಿ ಯಾವ ಸದಸ್ಯರದ್ದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಖರೀದಿ ಶುರು ಮಾಡುವಾಗ ಒಂದು ಗುಪ್ತ ಖಾತೆ ಗುರುತು ಕೊಡಬಹುದು, 64 ಅಕ್ಷರದ ತನಕ. ಅಲ್ಲಿ ಇಮೇಲ್‌ನಂಥ ಖಾಸಗಿ ಮಾಹಿತಿಯನ್ನು ಹಾಗೇ ಹಾಕಬಾರದು, ಪ್ಲೇ ಅಂಥ ಖರೀದಿಯನ್ನೇ ತಡೆಯುತ್ತದೆ. ಸದಸ್ಯರ ಐಡಿಯನ್ನು ಹ್ಯಾಶ್ ಮಾಡಿ, ಅಂದರೆ ಮೂಲ ಗೊತ್ತಾಗದ ಅಕ್ಷರಗಳಾಗಿ ಬದಲಿಸಿ ಹಾಕಿದೆ.

ಹೊಂದಾಣಿಕೆ ಆಗದಿದ್ದರೆ ಏನು ಮಾಡುವುದು? ಪ್ಲೇಯಲ್ಲಿ ಖರೀದಿಯನ್ನು 3 ದಿನದೊಳಗೆ ಒಪ್ಪಿಕೊಂಡೆವು ಅಂತ ಹೇಳದಿದ್ದರೆ ದುಡ್ಡು ತಾನೇ ವಾಪಸ್ ಹೋಗುತ್ತದೆ, ಚಂದಾ ರದ್ದಾಗುತ್ತದೆ. ಹಾಗೆ ಬಿಟ್ಟುಬಿಡಬಹುದಿತ್ತು. ಆದರೆ ಸಂಜೆ ಪುಟ ತೆರೆದಿಟ್ಟು ಮಾರನೇ ದಿನ ಕೊಂಡವರು, ಆಫರ್‌ನ ಕೊನೆಯ ಗಳಿಗೆಯಲ್ಲಿ ಒತ್ತಿದವರು, ಇವರೂ ಇದೇ ಬಲೆಗೆ ಬೀಳುತ್ತಾರೆ. ಹಾಗಾಗಿ ಸರ್ವರ್ ಒಮ್ಮೆಯಾದರೂ ಆ ಆಫರ್ ಹೇಳಿದ್ದರೆ, ಅವಧಿ ದಾಟಿದ್ದರೂ ಒಪ್ಪಿಕೊಳ್ಳುತ್ತೇವೆ. ಯಾವತ್ತೂ ಹೇಳಿಯೇ ಇಲ್ಲ ಅಂದರೆ ಅಕ್ಕನ ಪರದೆಗೆ ಬರುತ್ತದೆ, ಅವರು ನೋಡಿ ತೀರ್ಮಾನ ಮಾಡುತ್ತಾರೆ. ಯಂತ್ರ ತಾನೇ ಯಾರ ಚಂದಾವನ್ನೂ ಕಿತ್ತುಕೊಳ್ಳುವುದಿಲ್ಲ.

ಟೆಸ್ಟ್ ಮಾಡಿದ್ದು

ಪ್ಲೇಯಲ್ಲಿ ಲೈಸೆನ್ಸ್ ಟೆಸ್ಟರ್ (ಪರೀಕ್ಷೆಗೆ ಮಾತ್ರ ಕೊಳ್ಳುವವರು) ಅಂತ ಸೇರಿಸಿದ ಖಾತೆಗಳಿಗೆ ಸಮಯ ಬೇಗ ಓಡುತ್ತದೆ. ತಿಂಗಳ ಚಂದಾ 5 ನಿಮಿಷಕ್ಕೆ ನವೀಕರಣ ಆಗುತ್ತದೆ, ವರ್ಷದ್ದು 30 ನಿಮಿಷಕ್ಕೆ. ಗ್ರೇಸ್, ತಡೆ, ರದ್ದು ಎಲ್ಲ ಹೀಗೆ ನಿಜವಾಗಿ ನೋಡಬಹುದು. ಆದರೆ ನಮ್ಮ 60 ದಿನದ ನಿಯಮ ಪ್ಲೇಗೆ ಗೊತ್ತಿಲ್ಲ. ಫಂಕ್ಷನ್‌ಗಳು ಈಗಿನ ಸಮಯವನ್ನು ತಾವೇ ನೋಡದೆ ಹೊರಗಿಂದ ತೆಗೆದುಕೊಳ್ಳುವ ಹಾಗೆ ಬರೆದಿದ್ದು ಅದಕ್ಕೇ. 59ನೇ ದಿನ ರಾತ್ರಿ 11:59, 60ನೇ ದಿನ 12:00, ಫೆಬ್ರವರಿ 29ಕ್ಕೆ ಶುರುವಾದ ವರ್ಷದ ಚಂದಾ, ಇವೆಲ್ಲ ಒಂದು ಪಟ್ಟಿಯಲ್ಲಿವೆ. ಪ್ರತಿ ಸಾಲಿನಲ್ಲೂ ಇತಿಹಾಸ, ಸಮಯ, ಕಾಣಬೇಕಾದ ಆಫರ್, ಬರಬೇಕಾದ ಕಾರಣದ ಮಾತು. ಕಾರಣದ ಮಾತನ್ನೂ ಟೆಸ್ಟ್ ಮಾಡುತ್ತೇನೆ, ಯಾಕೆಂದರೆ ಅದು ಸೀದಾ ಸದಸ್ಯರ ಕಿವಿಗೆ ಹೋಗುತ್ತದೆ. ಅಕ್ಕನಿಗೆ ಹೊಸ ಬಗೆಯ ಫೋನ್ ಬಂದಾಗಲೆಲ್ಲ ಆ ಪಟ್ಟಿಗೆ ಒಂದು ಸಾಲು ಸೇರುತ್ತದೆ.

ಹೊಸದು ಮತ್ತು ಹಳೆಯದು ಸ್ವಲ್ಪ ಕಾಲ ಜೊತೆಜೊತೆಗೆ ಓಡಿದವು. ತೋರಿಸುವುದು ಹಳೆಯದು, ಹಿಂದೆ ಹೊಸದು ತಾನಾಗಿದ್ದರೆ ಏನು ತೋರಿಸುತ್ತಿದ್ದೆ ಅಂತ ಬರೆದಿಡುವುದು. ವ್ಯತ್ಯಾಸ ಬಂದ ಸದಸ್ಯರನ್ನು ಅಕ್ಕ ಮತ್ತು ನಾನು ಕೂತು ಒಬ್ಬೊಬ್ಬರಾಗಿ ನೋಡಿದೆವು. ವರ್ಷದ ಚಂದಾಗೆ ಬದಲಾಗುವ ಆಫರ್‌ನಲ್ಲಿ ಒಂದು ವಿಷಯ ಆಗಲೇ ಸಿಕ್ಕಿದ್ದು. ತಿಂಗಳು ಮುಗಿಯುವ ಮೊದಲೇ ಬದಲಾದರೆ ಉಳಿದ ದಿನಗಳ ದುಡ್ಡು ಏನಾಗಬೇಕು ಅಂತ ನಾವು ಪ್ಲೇಗೆ ಹೇಳಬೇಕು. ಉಳಿದ ದಿನಗಳ ಬೆಲೆಯನ್ನು ಹೊಸ ಚಂದಾದ ಕಾಲಕ್ಕೆ ಸೇರಿಸುವ ಆಯ್ಕೆ ಇಟ್ಟೆ, ಕಟ್ಟಿದ ದುಡ್ಡು ಎಲ್ಲೂ ಹೋಗುವುದಿಲ್ಲ.

ಈಗ ಉಳಿದಿರುವುದು ಐಫೋನ್. ಅಲ್ಲಿ ಹೊಸಬರಿಗೆ ಕೊಡುವ ಪರಿಚಯದ ಆಫರ್ ಒಬ್ಬರಿಗೆ ಒಂದು ಚಂದಾ ಗುಂಪಿನಲ್ಲಿ ಒಂದೇ ಸಲ, ಅದನ್ನು ಆ್ಯಪಲ್ ನೋಡಿಕೊಳ್ಳುತ್ತದೆ. ಹಳಬರಿಗೆ ಕೊಡುವ ಪ್ರಮೋಷನಲ್ ಆಫರ್‌ಗೆ ನಮ್ಮ ಸರ್ವರ್‌ನಿಂದ ಡಿಜಿಟಲ್ ಸಹಿ ಮಾಡಿ ಕಳಿಸಬೇಕು, ಸಹಿ ಇಲ್ಲದೆ ಖರೀದಿ ನಡೆಯುವುದಿಲ್ಲ. ಅಂದರೆ ಅಲ್ಲಿ ತೀರ್ಮಾನ ಸರ್ವರ್‌ನಲ್ಲೇ ಆಗಬೇಕು ಅನ್ನುವುದು ಮೊದಲೇ ಇದೆ, ಈಗ ಬರೆದ ಫಂಕ್ಷನ್‌ಗಳನ್ನೇ ಅದಕ್ಕೂ ಜೋಡಿಸಬಹುದು. ಸಹಿ ಮಾಡುವ ಕೀಲಿಯನ್ನು ಎಲ್ಲಿಡಬೇಕು ಅನ್ನುವುದನ್ನು ಈ ವಾರ ನೋಡುತ್ತಿದ್ದೇನೆ.